ಸಂಪಿನ ಮೋಟಾರಿಗೆ ಮನೆಯದೇ ಒಂದು ವೆಬ್ ಸರ್ವರ್

ಪ್ರಶ್ನೆ: ನಮ್ಮ ಮನೆ ವಿಜಯಪುರದಲ್ಲಿದೆ. ಅಲ್ಲಿ ಅಪ್ಪ, ಅಮ್ಮ ಇಬ್ಬರೇ ಇರುತ್ತಾರೆ. ನಾನು ಕೆಲಸಕ್ಕಾಗಿ ಬೆಳಗಾವಿಯಲ್ಲಿದ್ದೇನೆ. ನಳದ ನೀರು ಸಂಪಿಗೆ ಬೀಳುತ್ತದೆ. ಅಲ್ಲಿಂದ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನಲ್ಲಿ ಮಾಳಿಗೆಯ ಮೇಲಿನ 1,000 ಲೀಟರ್ ಟ್ಯಾಂಕಿಗೆ ಏರಿಸಬೇಕು. ಅಪ್ಪನಿಗೆ ಮೊಣಕಾಲು ನೋವು. ಆದರೂ ಟ್ಯಾಂಕ್ ತುಂಬಿತೋ ಇಲ್ಲವೋ ನೋಡಲು ದಿನಕ್ಕೆ ಎರಡು ಸಲ ಮಾಳಿಗೆ ಹತ್ತುತ್ತಾರೆ. ನನ್ನ ಹತ್ತಿರ ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದಿದೆ. ಅದರಲ್ಲಿ ಹಗುರವಾದ ವೆಬ್ ಸರ್ವರ್ ಹಾಕಿ, ಫೋನಿನಿಂದಲೇ ಮೋಟಾರು ಮತ್ತು ಅಂಗಳದ ಲೈಟ್ ಆನ್-ಆಫ್ ಮಾಡಬಹುದೇ? ಬೆಳಗಾವಿಯಿಂದಲೂ ಆಗುತ್ತದೆಯೇ? ಯಾವುದೋ ಕಂಪನಿಯ ಕ್ಲೌಡ್ ನಂಬುವುದು ಬೇಡ ಅನ್ನಿಸುತ್ತಿದೆ.

ಉತ್ತರ: ಆಗುತ್ತದೆ. ವೆಬ್ ಸರ್ವರ್ ಹಾಕುವುದು ಇದರಲ್ಲಿ ತುಂಬಾ ಸುಲಭದ ಭಾಗ, ಒಂದು ಸಂಜೆಯ ಕೆಲಸ. ಕಷ್ಟದ ಪ್ರಶ್ನೆಗಳು ಬೇರೆ ಇವೆ. ಮೋಟಾರು ಓಡುತ್ತಿರುವಾಗ ವೈಫೈ ಹೋದರೆ ಏನು? ಕರೆಂಟ್ ಹೋಗಿ ಬಂದರೆ ಏನು? ಸಂಪಿನಲ್ಲಿ ನೀರೇ ಇಲ್ಲದಿದ್ದರೆ? ನೀವು ಬೆಳಗಾವಿಯಲ್ಲಿ ಬಟನ್ ಒತ್ತಿ ಮೀಟಿಂಗಿಗೆ ಹೋಗಿಬಿಟ್ಟರೆ? ಹಾಗಾಗಿ ನನ್ನ ಉತ್ತರದಲ್ಲಿ ಸರ್ವರ್ ಬಗ್ಗೆ ಸ್ವಲ್ಪ, ಮೋಟಾರಿನ ಬಗ್ಗೆ ಜಾಸ್ತಿ ಇರುತ್ತದೆ. ನಾನು ಬಾಗಲಕೋಟೆ ನವನಗರದ ನನ್ನ ಮನೆಗೆ ಇಂಥದ್ದನ್ನೇ ಕಟ್ಟಿಕೊಂಡಿದ್ದೇನೆ. ತಪ್ಪು ಮಾಡಿಯೇ ಕಲಿತದ್ದು ಬಹಳ.

ನಿಮ್ಮ ಅಪ್ಪನ ಕಷ್ಟ ಓದಿದಾಗ ನನಗೆ ಕೇಂಬ್ರಿಜ್‌ನ ಕಾಫಿ ಪಾತ್ರೆ ನೆನಪಾಯಿತು. ಅಲ್ಲಿನ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರವಿತ್ತು. ಬೇರೆ ಮಹಡಿಯವರು ಮೆಟ್ಟಿಲು ಹತ್ತಿಳಿದು ಹೋದರೆ ಪಾತ್ರೆ ಖಾಲಿ. 1991ರಲ್ಲಿ ಅವರು ಅದರ ಮುಂದೆ ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ವೆಬ್‌ಗೂ ಬಂತು, 2001ರವರೆಗೆ ನಡೆಯಿತು. ಗಮನಿಸಿ, ಆ ಸರ್ವರ್ ಕಾಫಿ ಮಾಡುತ್ತಿರಲಿಲ್ಲ. ಪಾತ್ರೆಯಲ್ಲಿ ಕಾಫಿ ಇದೆಯೋ ಇಲ್ಲವೋ ಅಷ್ಟೇ ತೋರಿಸುತ್ತಿತ್ತು. ಸುಮ್ನೆ ಮೆಟ್ಟಿಲು ಹತ್ತುವುದನ್ನು ತಪ್ಪಿಸಲು ಅಷ್ಟೇ ಸಾಕಾಗಿತ್ತು.

ನಿಮ್ಮ ಮನೆಯಲ್ಲೂ ಅರ್ಧ ಕಷ್ಟ ನೋಡುವುದರದ್ದೇ, ಅಲ್ವಾ? ಸ್ವಿಚ್ ಕೆಳಗೇ ಇದೆ. ಅಪ್ಪ ಮಾಳಿಗೆ ಹತ್ತುವುದು ಟ್ಯಾಂಕ್ ನೋಡಲಿಕ್ಕೆ. ಆದ್ದರಿಂದ ಮೊದಲು ನೋಡುವ ಭಾಗವನ್ನಷ್ಟೇ ಕಟ್ಟಿ. ಅದರಲ್ಲಿ ಏನು ಕೆಟ್ಟರೂ ಯಾರಿಗೂ ಅಪಾಯವಿಲ್ಲ. ಅದು ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಮೋಟಾರಿಗೆ ಕೈ ಹಾಕಿ.

ಟ್ಯಾಂಕ್ ನೋಡಲು ಹಲವರು ಅಲ್ಟ್ರಾಸಾನಿಕ್ ಸೆನ್ಸರ್ ತರುತ್ತಾರೆ, ಶಬ್ದದ ಅಲೆ ಬಿಟ್ಟು ನೀರಿನ ಮಟ್ಟ ಅಳೆಯುವಂಥದ್ದು. ಪರದೆಯ ಮೇಲೆ ಶೇಕಡಾ 63 ಎಂದು ತೋರಿಸುವುದು ನೋಡಲು ಚೆಂದ. ಆದರೆ ಬೇಸಿಗೆಯಲ್ಲಿ ಮುಚ್ಚಿದ ಟ್ಯಾಂಕಿನೊಳಗೆ ಆವಿ ತುಂಬುತ್ತದೆ. ಸಾಮಾನ್ಯ ಸೆನ್ಸರ್‌ನ ಮುಖದ ಮೇಲೆ ಹನಿ ಕೂತರೆ ಅಳತೆ ಹುಚ್ಚೆದ್ದು ಹೋಗುತ್ತದೆ. ನೀರು ತಾಗದಂತೆ ಮಾಡಿದ ಸೆನ್ಸರ್ ಕೂಡ ತನ್ನಿಂದ 20-25 ಸೆಂಟಿಮೀಟರ್ ಒಳಗಿನದನ್ನು ಅಳೆಯಲಾರದು. ಟ್ಯಾಂಕ್ ತುಂಬಿತು ಎಂದು ಹೇಳಬೇಕಾದ ಜಾಗವೇ ಅದು! ನನ್ನ ಮಾತು ಕೇಳುವುದಾದರೆ ನೀರಿನ ಜೊತೆ ತೇಲಿ ಏರಿಳಿಯುವ ಎರಡು ಫ್ಲೋಟ್ ಸ್ವಿಚ್ ತನ್ನಿ. ಒಂದು ಟ್ಯಾಂಕಿನ ಮೇಲ್ಭಾಗಕ್ಕೆ, ಇನ್ನೊಂದು ಸಂಪಿನ ತಳದ ಹತ್ತಿರ. ಮೇಲಿನದು ‘ತುಂಬಿತು’ ಎನ್ನುತ್ತದೆ, ಕೆಳಗಿನದು ‘ಸಂಪಿನಲ್ಲಿ ನೀರಿಲ್ಲ’ ಎನ್ನುತ್ತದೆ. ಆನ್ ಅಥವಾ ಆಫ್ ಅಷ್ಟೇ. ಇದರಲ್ಲಿ ತಪ್ಪು ಓದುವ ಸಾಧ್ಯತೆ ಕಡಿಮೆ. ಮಾಳಿಗೆಯಿಂದ ಇಳಿಯುವ ವೈರು ಉದ್ದ ಇರುತ್ತದೆ, ಪಕ್ಕದ ಕರೆಂಟ್ ವೈರಿನ ಗಲಾಟೆ ಅದಕ್ಕೆ ಹತ್ತುತ್ತದೆ. ವೈರನ್ನು 3.3 ವೋಲ್ಟಿಗೆ ಎಳೆದು ಹಿಡಿಯುವ 1 ಕಿಲೋಓಮ್ ಪುಲ್-ಅಪ್ ರೆಸಿಸ್ಟರ್ ಹಾಕಿ. ಒಂದು ಸಲ ಓದಿ ನಂಬಬೇಡಿ. ಒಂದು ಸೆಕೆಂಡಿನಲ್ಲಿ ಹತ್ತು ಸಲ ಓದಿ, ಹತ್ತೂ ಒಂದೇ ಹೇಳಿದರೆ ಮಾತ್ರ ನಂಬಿ.

ಇನ್ನು ಈ ಸ್ವಿಚ್‌ಗಳನ್ನು ಓದುವವರು ಯಾರು? ನಿಮ್ಮ ಮನಸ್ಸಿನಲ್ಲಿ ರಾಸ್ಪ್‌ಬೆರಿ ಪೈ ಇದೆ. ಅದಕ್ಕೆ ಬೇರೆ ಒಳ್ಳೆಯ ಕೆಲಸ ಕೊಡೋಣ. ಮೋಟಾರಿನ ಪಕ್ಕದಲ್ಲಿ ಮಾತ್ರ ಅದನ್ನು ಕೂರಿಸಬೇಡಿ. ಪೈ ಒಂದು ಪೂರ್ತಿ ಕಂಪ್ಯೂಟರ್. ಅದು ಎದ್ದು ಕೂರಲು ಅರ್ಧ ನಿಮಿಷವಾದರೂ ಬೇಕು. ಬರೆಯುತ್ತಿರುವಾಗ ಕರೆಂಟ್ ಹೋದರೆ ಅದರ ಎಸ್‌ಡಿ ಕಾರ್ಡ್ ಕೆಡಬಹುದು. ಮೋಟಾರಿನ ಹತ್ತಿರ ಇಎಸ್‌ಪಿ8266 ಚಿಪ್ ಇರುವ ಒಂದು ನೋಡ್‌ಎಂಸಿಯು ಬೋರ್ಡ್ ಸಾಕು. 80 ಮೆಗಾಹರ್ಟ್ಸ್ ವೇಗ, ಕೆಲವು ಹತ್ತು ಕೆಬಿ ಮೆಮೊರಿ, ಒಳಗೇ ವೈಫೈ. ಕರೆಂಟ್ ಬಂದ ಕೆಲವೇ ಸೆಕೆಂಡಿನಲ್ಲಿ ಸಿದ್ಧ. ಅದರೊಳಗೇ ಒಂದು ಪುಟ್ಟ ವೆಬ್ ಸರ್ವರ್ ಓಡುತ್ತದೆ. ಫೋನಿನ ಬ್ರೌಸರ್ ‘ಟ್ಯಾಂಕಿನ ಸ್ಥಿತಿ ಕೊಡು’ ಎಂದು ಕೇಳುತ್ತದೆ, ಬೋರ್ಡ್ ನಾಲ್ಕು ಸಾಲಿನ ಪುಟ ಕಳಿಸುತ್ತದೆ. ವೆಬ್ ಸರ್ವರ್ ಅಂದರೆ ಅಷ್ಟೇ, ಕೇಳಿದ್ದಕ್ಕೆ ಉತ್ತರ ಕೊಡುವವನು. ಒಂದು ಎಚ್ಚರ: ಈ ಬೋರ್ಡಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೌಟರಿನಲ್ಲಿ ಅದನ್ನು ಬಂದ್ ಮಾಡಿದ್ದರೆ ಮತ್ತೆ ತೆರೆಯಿರಿ. ಮತ್ತೆ, ಬೋರ್ಡಿಗೆ ಯಾವಾಗಲೂ ಒಂದೇ ಐಪಿ ವಿಳಾಸ, 192.168.1.50 ಅಂತಿಟ್ಟುಕೊಳ್ಳಿ, ಸಿಗುವಂತೆ ರೌಟರಿನಲ್ಲೇ ಗೊತ್ತು ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ವಿಳಾಸ ಬದಲಾಗಿ, ‘ಏನೂ ತೆರೆಯುತ್ತಿಲ್ಲ’ ಎಂದು ಅಪ್ಪ ಫೋನ್ ಮಾಡುತ್ತಾರೆ.

ಬೋರ್ಡಿನ ಕಾಲುಗಳ (ಪಿನ್) ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಡಿ3, ಡಿ4, ಡಿ8 ಈ ಮೂರು ಬೋರ್ಡ್ ಏಳುವಾಗ ತಮ್ಮದೇ ಕೆಲಸ ಮಾಡುತ್ತವೆ. ಅವಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಕಟ್ಟಿದರೆ ಬೋರ್ಡ್ ಏಳದೇ ಹೋಗಬಹುದು, ಇಲ್ಲವೇ ಏಳುವಾಗ ಮೋಟಾರು ಒಂದು ಸಲ ಗುರ್ ಎನ್ನಬಹುದು. ಡಿ0 ಕೂಡ ಏಳುವಾಗ ಹೈ, ಅಂದರೆ 3.3 ವೋಲ್ಟಿನಲ್ಲಿ, ಇರುತ್ತದೆ. ನಿಮಗೆ ಬೇಕಾದದ್ದು ಐದೇ ಕಾಲು. ಡಿ1ರಲ್ಲಿ ಮೋಟಾರಿನ ರಿಲೇ, ಡಿ2ರಲ್ಲಿ ಅಂಗಳದ ಲೈಟಿನ ರಿಲೇ. ಡಿ5, ಡಿ6ರಲ್ಲಿ ಎರಡು ಫ್ಲೋಟ್. ಡಿ7 ಖಾಲಿ ಇಡಿ, ಅದಕ್ಕೆ ಒಂದು ಮುಖ್ಯ ಕೆಲಸವಿದೆ, ಆಮೇಲೆ ಹೇಳುತ್ತೇನೆ. ರಿಲೇ ಮಾಡ್ಯೂಲ್ ಕೊಳ್ಳುವಾಗ ಹೈ ಟ್ರಿಗರ್ ಇರುವುದನ್ನೇ, ಅಂದರೆ ಕಾಲು ಹೈ ಆದಾಗ ಆನ್ ಆಗುವುದನ್ನೇ ಕೇಳಿ ತನ್ನಿ. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಲೋ ಟ್ರಿಗರ್. ಅದರಲ್ಲಿ ಬೋರ್ಡ್ ಏಳುವ ಕ್ಷಣಕ್ಕೆ ರಿಲೇ ಒಮ್ಮೆ ಟಕ್ ಎನ್ನುವ ಸಾಧ್ಯತೆ ಇರುತ್ತದೆ.

ಈಗ ಮೋಟಾರಿಗೆ ಬರೋಣ. ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ.

ರಿಲೇ ಮಾಡ್ಯೂಲಿನ ನೀಲಿ ಡಬ್ಬಿಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. 1 ಎಚ್‌ಪಿ ಅಂದರೆ 746 ವ್ಯಾಟ್. ಮೋಟಾರಿನೊಳಗಿನ ನಷ್ಟ ಸೇರಿಸಿದರೆ ಓಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. 10ಕ್ಕಿಂತ 6 ಕಡಿಮೆ, ಸಾಕಲ್ಲ ಎಂದು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಮೋಟಾರು ಶುರುವಾಗುವ ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. 30 ಆಂಪಿಯರ್ ದಾಟುತ್ತದೆ. ರಿಲೇಯೊಳಗಿನ ಪುಟ್ಟ ಬಿಂದುಗಳ (ಕಾಂಟ್ಯಾಕ್ಟ್) ನಡುವೆ ಕಿಡಿ ಹಾರಿ, ಒಂದು ದಿನ ಅವು ಬೆಸೆದುಕೊಂಡು ಬಿಡುತ್ತವೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ಮೂರನೇ ತಿಂಗಳಿಗೆ ಹಾಗಾಯಿತು. ಫೋನಿನಲ್ಲಿ ‘ಆಫ್’ ಎಂದು ತೋರಿಸುತ್ತಿತ್ತು. ಮೋಟಾರು ಮಾತ್ರ ರಾತ್ರಿಯಿಡೀ ಓಡಿತು. ಬೆಳಿಗ್ಗೆ ಎದ್ದಾಗ ಸಂಪು ಖಾಲಿ, ಅಂಗಳವೆಲ್ಲ ನೀರು, ಮೋಟಾರಿನ ಸೀಲ್ ಸುಟ್ಟು ಹೋಗಿತ್ತು. ಮೂರು ದಿನ ಕಾದು ಹಿಡಿದ ನಳದ ನೀರು ಅದು.

ಆದ್ದರಿಂದ ರಿಲೇಗೆ ಮೋಟಾರು ನೇರವಾಗಿ ಕಟ್ಟಬೇಡಿ. ನಡುವೆ ಒಂದು ಕಾಂಟ್ಯಾಕ್ಟರ್ ಇರಲಿ, ಅಂದರೆ ಮೋಟಾರಿನಂಥ ಭಾರಕ್ಕೆಂದೇ ಮಾಡಿದ ದೊಡ್ಡ ರಿಲೇ. ನಿಮ್ಮ ಊರಿನಲ್ಲೇ ಇದಕ್ಕೊಂದು ಒಳ್ಳೆಯ ಮಾದರಿ ಇದೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ, ಬೇಗಂ ತಾಲಾಬ್‌ನಿಂದ ಊರೊಳಗೆ ನೀರು ತರುತ್ತಿದ್ದರು. ಆ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರ ಕಟ್ಟಿದ್ದರು. ಗಂಜ್ ಎನ್ನುತ್ತಾರೆ, ಕೆಲವು ಇನ್ನೂ ನಿಂತಿವೆ. ನೀರು ಗೋಪುರಕ್ಕೆ ಏರಿ, ಅಲ್ಲಿ ಒತ್ತಡ ಕಳೆದುಕೊಂಡು, ಹೂಳು ಬಿಟ್ಟು ಮುಂದೆ ಹೋಗುತ್ತಿತ್ತು. ಗೋಪುರ ಇಲ್ಲದಿದ್ದರೆ ಹಿಂದಿನ ಇಡೀ ಒತ್ತಡ ಮುಂದಿನ ಕೊಳವೆಯ ಮೇಲೆ ಬೀಳುತ್ತಿತ್ತು. ನಿಮ್ಮ ಪೆಟ್ಟಿಗೆಯನ್ನೂ ಹಾಗೇ ಹಂತ ಹಂತವಾಗಿ ಕಟ್ಟಿ. ಬೋರ್ಡಿನ 3.3 ವೋಲ್ಟ್ ರಿಲೇಯನ್ನು ಎಳೆಯಲಿ. ರಿಲೇ ಕಾಂಟ್ಯಾಕ್ಟರ್‌ನ ಸುರುಳಿಗೆ ಮಾತ್ರ ಕರೆಂಟ್ ಕೊಡಲಿ, ಅದಕ್ಕೆ ಬೇಕಾದದ್ದು ಅತ್ಯಲ್ಪ. ಮೋಟಾರಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಅದು ಹುಟ್ಟಿದ್ದೇ ಆ ಕೆಲಸಕ್ಕೆ. ಒಂದು ಹಂತದ ಪೆಟ್ಟು ಇನ್ನೊಂದು ಹಂತಕ್ಕೆ ಸುಲಭವಾಗಿ ಮುಟ್ಟುವುದಿಲ್ಲ.

ಕಾಂಟ್ಯಾಕ್ಟರ್ ಕೊಳ್ಳುವಾಗ ‘ಎಸಿ-3’ ಎಂಬ ಅಂಕಿ ನೋಡಿ, ಮೋಟಾರಿಗೆ ಲೆಕ್ಕ ಹಿಡಿದ ಅಂಕಿ ಅದೇ. ನಿಮಗೆ 9 ಆಂಪಿಯರ್ ಸಾಲುತ್ತದೆ, ನಾನಾದರೆ 12 ಹಾಕುತ್ತೇನೆ. ಜೊತೆಗೆ ಓವರ್‌ಲೋಡ್ ರಿಲೇ ಬೇಕೇ ಬೇಕು. ಮೋಟಾರು ಸಿಕ್ಕಿಕೊಂಡು ಜಾಸ್ತಿ ಎಳೆದರೆ ಅದು ಕಾಂಟ್ಯಾಕ್ಟರನ್ನು ಬಿಡಿಸುತ್ತದೆ. ಇದಕ್ಕೆ ಸಾಫ್ಟ್‌ವೇರಿನ ಅಪ್ಪಣೆ ಬೇಕಿಲ್ಲ, ಅದೇ ಅದರ ದೊಡ್ಡ ಗುಣ. ಕಾಂಟ್ಯಾಕ್ಟರ್‌ನ ಸುರುಳಿಗೆ ಅಡ್ಡವಾಗಿ ಒಂದು ಆರ್‌ಸಿ ಸ್ನಬ್ಬರ್ ಹಾಕಿಸಿ, 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನದು. ಅದಿಲ್ಲದಿದ್ದರೆ ಮೋಟಾರು ಆಫ್ ಆದ ಕ್ಷಣ ಹುಟ್ಟುವ ಹೊಡೆತಕ್ಕೆ ಬೋರ್ಡ್ ರೀಸೆಟ್ ಆಗುತ್ತದೆ. ‘ಕೋಡ್ ಸರಿ ಇದೆ, ಆದರೂ ಆಗಾಗ ರೀಸ್ಟಾರ್ಟ್ ಆಗುತ್ತದೆ’ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಹೆಚ್ಚಿನ ಸಲ ಕಾರಣ ಇದೇ. ಈ 230 ವೋಲ್ಟಿನ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀರಿರುವ ಜಾಗ, ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಒಳ್ಳೆಯ ಅರ್ಥಿಂಗ್ ಇಲ್ಲದೆ ಮುಂದೆ ಹೋಗಬೇಡಿ.

ಡಿ7 ಕಾಲಿನ ವಿಷಯಕ್ಕೆ ಬರುತ್ತೇನೆ. ಕಾಂಟ್ಯಾಕ್ಟರ್‌ನಲ್ಲಿ ಮುಖ್ಯ ಬಿಂದುಗಳ ಜೊತೆ ಒಂದು ಸಹಾಯಕ ಬಿಂದು ಇರುತ್ತದೆ, ಸಾಮಾನ್ಯವಾಗಿ 13, 14 ಎಂದು ಗುರುತು ಮಾಡಿರುತ್ತಾರೆ. ಕಾಂಟ್ಯಾಕ್ಟರ್ ನಿಜವಾಗಿ ಎಳೆದುಕೊಂಡಾಗ ಮಾತ್ರ ಇದು ಕೂಡುತ್ತದೆ. ಅದರ ಎರಡು ವೈರನ್ನು 230 ವೋಲ್ಟಿನ ವೈರುಗಳಿಂದ ದೂರವಾಗಿ, ಬೇರೆ ದಾರಿಯಲ್ಲಿ ತಂದು ಡಿ7ಕ್ಕೆ ಕೊಡಿ. ನಿಮ್ಮ ಪುಟದಲ್ಲಿ ‘ಮೋಟಾರು ಓಡುತ್ತಿದೆ’ ಎಂದು ತೋರಿಸಬೇಕಾದದ್ದು ಇದನ್ನು ಓದಿ. ನೀವು ಕೊಟ್ಟ ಅಪ್ಪಣೆಯನ್ನು ನೆನಪಿಟ್ಟುಕೊಂಡು ಅಲ್ಲ. ನನ್ನ ಮೊದಲ ಪೆಟ್ಟಿಗೆ ಆ ರಾತ್ರಿ ಸುಳ್ಳು ಹೇಳಿದ್ದು ಇದಕ್ಕೇ. ಅದಕ್ಕೆ ತಾನು ಹೇಳಿದ್ದು ಗೊತ್ತಿತ್ತು, ಆದದ್ದು ಗೊತ್ತಿರಲಿಲ್ಲ. ಆಫ್ ಎಂದು ಹೇಳಿದ ಮೇಲೂ ಡಿ7 ಇನ್ನೂ ಆನ್ ಎನ್ನುತ್ತಿದ್ದರೆ ಪುಟ ಕೆಂಪಾಗಲಿ, ಒಂದು ಸಣ್ಣ ಬಜರ್ ಕೂಗಲಿ. ಅಪ್ಪ ಹೋಗಿ ಎಂಸಿಬಿ ಇಳಿಸಬಹುದು.

ಇನ್ನು ಸಾಫ್ಟ್‌ವೇರಿನ ಒಳಗಿನ ನಿಯಮ. ಫೋನ್ ಕೇಳಬೇಕು, ತೀರ್ಮಾನ ಮಾತ್ರ ಮೋಟಾರಿನ ಪಕ್ಕದ ಬೋರ್ಡಿನದಾಗಿರಬೇಕು. ‘ಆನ್ ಮಾಡು’ ಎಂಬ ಕೋರಿಕೆ ಬಂದಾಗ ಬೋರ್ಡ್ ಮೊದಲು ಸಂಪು ನೋಡುತ್ತದೆ, ಆಮೇಲೆ ಟ್ಯಾಂಕ್ ನೋಡುತ್ತದೆ. ಮೋಟಾರು ನಿಂತು ಮೂರು ನಿಮಿಷ ಆಗಿದೆಯೇ ಎಂದೂ ನೋಡುತ್ತದೆ. ಎಲ್ಲ ಸರಿ ಇದ್ದರೆ ಆನ್, ಇಲ್ಲದಿದ್ದರೆ ಕಾರಣ ಹೇಳಿ ನಿರಾಕರಣೆ. ಓಡುವಾಗ ಟ್ಯಾಂಕ್ ತುಂಬಿದರೂ, ಸಂಪು ಖಾಲಿಯಾದರೂ ಬೋರ್ಡ್ ತಾನೇ ಮೋಟಾರು ನಿಲ್ಲಿಸುತ್ತದೆ. ಆನ್ ಆದ ಕೂಡಲೇ ಗಡಿಯಾರ ಶುರು. ನಿಮ್ಮ ಟ್ಯಾಂಕ್ ಖಾಲಿಯಿಂದ ತುಂಬಲು ಎಷ್ಟು ಹೊತ್ತು ಬೇಕು ಎಂದು ಒಂದು ಸಲ ಗಡಿಯಾರ ಹಿಡಿದು ಅಳೆಯಿರಿ. 30 ನಿಮಿಷ ಬಂದರೆ ಮಿತಿಯನ್ನು 40 ನಿಮಿಷಕ್ಕೆ ಇಡಿ. ಫ್ಲೋಟ್ ಕೆಟ್ಟಿರಲಿ, ವೈಫೈ ಸತ್ತಿರಲಿ, ಫೋನ್ ಕಳೆದು ಹೋಗಿರಲಿ, 40 ನಿಮಿಷಕ್ಕೆ ಮೋಟಾರು ನಿಲ್ಲಬೇಕು. ಇದಕ್ಕೆ ಇಂಟರ್ನೆಟ್ ಬೇಡ, ಪೈ ಕೂಡ ಬೇಡ. ಕರೆಂಟ್ ಹೋಗಿ ಬಂದರೆ ಬೋರ್ಡ್ ಯಾವಾಗಲೂ ಮೋಟಾರು ಆಫ್ ಇಟ್ಟುಕೊಂಡೇ ಏಳಬೇಕು. ಮೊದಲು ಓಡುತ್ತಿತ್ತು, ಈಗ ಮುಂದುವರಿಸೋಣ ಎಂಬ ಜಾಣತನ ಬೇಡ.

ಗಡಿಯಾರದ ಕೋಡ್ ಬರೆಯುವಾಗ ಎಡವಿ ಬೀಳುವ ಒಂದು ಹಳೆಯ ಹೊಂಡ ಇದೆ. ಬೋರ್ಡ್ ಎದ್ದಾಗಿನಿಂದ ಎಣಿಸುವ ಮಿಲಿಸೆಕೆಂಡ್ ಲೆಕ್ಕ 32 ಬಿಟ್‌ನದು. 49.7 ದಿನಕ್ಕೆ ಅದು ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ‘ನಿಲ್ಲಬೇಕಾದ ಸಮಯ’ ಎಂದು ಮುಂದಿನ ಸಮಯವನ್ನು ಬರೆದಿಟ್ಟುಕೊಂಡು ಹೋಲಿಸಿದರೆ ಆ ದಿನ ಲೆಕ್ಕ ತಪ್ಪುತ್ತದೆ. ಈಗಿನ ಸಮಯದಿಂದ ಶುರುವಾದ ಸಮಯ ಕಳೆದು, ಬಂದ ಉತ್ತರವನ್ನು 40 ನಿಮಿಷದ ಜೊತೆ ಹೋಲಿಸಿ. ಕಳೆಯುವ ಲೆಕ್ಕದಲ್ಲಿ ತಿರುಗಿ ಸೊನ್ನೆಯಾದರೂ ಉತ್ತರ ಸರಿಯಾಗಿಯೇ ಬರುತ್ತದೆ. ಹಾಗೆಯೇ ಬೋರ್ಡನ್ನು ಸುಮ್ಮನೆ ಕಾಯಿಸುವ ಉದ್ದದ ‘ಡಿಲೇ’ ಎಲ್ಲೂ ಹಾಕಬೇಡಿ. ಆ ಹೊತ್ತಿನಲ್ಲಿ ಬೋರ್ಡಿಗೆ ಫ್ಲೋಟ್ ಕಾಣುವುದಿಲ್ಲ, ಫೋನಿನ ಮಾತೂ ಕೇಳುವುದಿಲ್ಲ.

ಹೊಸಬರು ಬಹುತೇಕ ಎಲ್ಲರೂ ಮಾಡುವ ಇನ್ನೊಂದು ತಪ್ಪು ಇದೆ. ವಿಳಾಸದ ಕೊನೆಗೆ ‘ಮೋಟಾರ್ ಆನ್’ ಎಂದು ಸೇರಿಸಿ, ಆ ಲಿಂಕ್ ಒತ್ತಿದರೆ ಮೋಟಾರು ಶುರುವಾಗುವಂತೆ ಬರೆಯುವುದು. ತಾಂತ್ರಿಕವಾಗಿ ಇದು ಗೆಟ್ ಕೋರಿಕೆ. ಗೆಟ್ ಇರುವುದು ನೋಡಲಿಕ್ಕೆ ಮಾತ್ರ, ಅದರಿಂದ ಯಾವುದೂ ಬದಲಾಗಬಾರದು ಎಂದು ವೆಬ್ ನಡೆಯುವ ಎಚ್‌ಟಿಟಿಪಿ ನಿಯಮವೇ ಹೇಳುತ್ತದೆ. ಅದನ್ನು ನಂಬಿ ಬ್ರೌಸರ್‌ಗಳು ಗೆಟ್ ಲಿಂಕುಗಳನ್ನು ತಮಗೆ ಬೇಕಾದಾಗ ಮತ್ತೆ ಮತ್ತೆ ಕೇಳುತ್ತವೆ. 2005ರಲ್ಲಿ ಗೂಗಲ್ ಒಂದು ವೆಬ್ ಆಕ್ಸಲರೇಟರ್ ಬಿಟ್ಟಿತ್ತು. ಪುಟದಲ್ಲಿದ್ದ ಲಿಂಕುಗಳನ್ನು ಅದು ಮೊದಲೇ ತೆರೆದಿಟ್ಟುಕೊಳ್ಳುತ್ತಿತ್ತು. ‘ಅಳಿಸು’ ಎಂಬ ಲಿಂಕನ್ನೂ ತೆರೆದು, ಜನರ ಮಾಹಿತಿ ಅಳಿಸಿ ಹೋಯಿತು. ನಮ್ಮ ಮನೆಯಲ್ಲಿ ಆದದ್ದು ಇನ್ನೂ ಸರಳ. ರಾತ್ರಿ ಮೋಟಾರು ಆನ್ ಮಾಡಿದ ಪುಟ ಫೋನಿನಲ್ಲಿ ಹಾಗೇ ತೆರೆದಿತ್ತು. ಬೆಳಿಗ್ಗೆ ಹಾಲಿನ ಲೆಕ್ಕ ನೋಡಲು ಬ್ರೌಸರ್ ತೆರೆದರೆ ಅದು ಹಳೆಯ ಪುಟವನ್ನು ತಾನೇ ಮತ್ತೆ ಕೇಳಿತು. ಕೆಳಗೆ ಮೋಟಾರು ಶುರುವಾಯಿತು. ಯಾರೂ ಬಟನ್ ಒತ್ತಿರಲಿಲ್ಲ. ಬದಲಾಯಿಸುವ ಕೆಲಸಕ್ಕೆಲ್ಲ ಪೋಸ್ಟ್ ಎಂಬ ಬೇರೆ ಬಗೆಯ ಕೋರಿಕೆ ಬಳಸಿ. ಪುಟದಲ್ಲಿ ಒಂದು ಫಾರಂ, ಅದರಲ್ಲಿ ಒಂದು ಬಟನ್. ಕೆಲಸ ಮುಗಿದ ಕೂಡಲೇ ಬೋರ್ಡ್ ಬ್ರೌಸರನ್ನು ಸ್ಥಿತಿಯ ಪುಟಕ್ಕೆ ತಿರುಗಿಸಲಿ. ಆಗ ರಿಫ್ರೆಶ್ ಮಾಡಿದರೂ ನೋಡುವುದು ಮಾತ್ರ ನಡೆಯುತ್ತದೆ. ಪ್ರತಿ ಫಾರಂನಲ್ಲಿ ಬೋರ್ಡ್ ಹುಟ್ಟಿಸಿದ ಒಂದು ಗುಟ್ಟಿನ ಸಂಖ್ಯೆಯೂ ಇರಲಿ. ಇಲ್ಲದಿದ್ದರೆ ಫೋನಿನಲ್ಲಿ ತೆರೆದ ಬೇರೆ ಯಾವುದೋ ಪುಟ ನಿಮ್ಮ ಮೋಟಾರಿಗೆ ಕದ್ದು ಕೋರಿಕೆ ಕಳಿಸಬಹುದು.

ಈಗ ನಿಮ್ಮ ಪೈ. ಅದು ಮನೆಯ ಬಾಗಿಲು ಕಾಯಲಿ. ಅದರ ಮೇಲೆ ಲೈಟಿಟಿಪಿಡಿ ಎಂಬ ಸರ್ವರ್ ಹಾಕಿ. ಜನ ಅದನ್ನು ಲೈಟಿ ಎಂದೇ ಕರೆಯುತ್ತಾರೆ. 2003ರಲ್ಲಿ ಯಾನ್ ಕ್ನೆಶ್ಕೆ ಬರೆದದ್ದು. ಒಂದೇ ಯಂತ್ರ ಒಂದೇ ಹೊತ್ತಿಗೆ 10,000 ಸಂಪರ್ಕಗಳನ್ನು ಹೇಗೆ ನಿಭಾಯಿಸಬಹುದು ಎಂದು ತೋರಿಸಲು ಹುಟ್ಟಿತು. ನಿಮ್ಮ ಮನೆಯಲ್ಲಿ ಇರುವುದು ಮೂರು ಫೋನ್. ಆದರೂ ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವೇ ಎಂಬಿ ಮೆಮೊರಿಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಹಳೆಯ ಪೈಗೂ ಭಾರ ಎನ್ನಿಸುವುದಿಲ್ಲ. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ಹಾಕಿದರೂ ಆಗುತ್ತದೆ, ನಿಮಗೆ ಅದು ಗೊತ್ತಿದ್ದರೆ ಅದನ್ನೇ ಹಾಕಿ. ಪುಟ ಪೈನಲ್ಲಿ ಇರಲಿ. ಬಟನ್ ಒತ್ತಿದಾಗ ಲೈಟಿ ತನ್ನ ಪ್ರಾಕ್ಸಿ ಮಾಡ್ಯೂಲಿನ ಮೂಲಕ ಕೋರಿಕೆಯನ್ನು 192.168.1.50ಕ್ಕೆ ದಾಟಿಸಲಿ. ಪೈ ನಿಂತು ಹೋದರೆ ಮನೆಯವರು ಬೋರ್ಡಿನ ಪುಟವನ್ನೇ ನೇರವಾಗಿ ತೆರೆಯಬಹುದು. ಮುಂದೆ ನೀವೇ ಸ್ಕ್ರಿಪ್ಟ್ ಬರೆದರೆ ಒಂದು ಮಾತು ನೆನಪಿಡಿ. ಪುಟದಿಂದ ಬಂದ ಅಕ್ಷರಗಳನ್ನು ಹಾಗೇ ಪೈನಲ್ಲಿ ಆಜ್ಞೆ ನಡೆಸುವ ಶೆಲ್‌ಗೆ ಕೊಡಬೇಡಿ, ಸರ್ವರನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಲೂ ಬೇಡಿ.

ಎಸ್‌ಡಿ ಕಾರ್ಡ್ ಉಳಿಸಲು ಪೈನ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಆಗ ಬರೆಯುವುದೆಲ್ಲ ಮೆಮೊರಿಯಲ್ಲಿ ನಡೆಯುತ್ತದೆ, ಕಾರ್ಡ್ ಮುಟ್ಟುವುದಿಲ್ಲ. ಪೈ ಮತ್ತು ರೌಟರ್ ಎರಡಕ್ಕೂ ಒಂದು ಸಣ್ಣ ಯುಪಿಎಸ್ ಕೊಡಿ. ಇನ್ನು ಬಿಸಿಲು. ವಿಜಯಪುರದ ಮೇ ತಿಂಗಳು ನಿಮಗೆ ಹೇಳಬೇಕಿಲ್ಲ, 40 ಡಿಗ್ರಿ ದಾಟುವುದು ಮಾಮೂಲು. ಪೈ 80 ಡಿಗ್ರಿ ಮುಟ್ಟಿದರೆ ತನ್ನ ವೇಗ ತಾನೇ ಇಳಿಸುತ್ತದೆ. ಪಶ್ಚಿಮದ ಗೋಡೆಗೆ ಪೆಟ್ಟಿಗೆ ಹೊಡೆಯಬೇಡಿ. ಮೆಟ್ಟಿಲ ಕೆಳಗೆ, ಗಾಳಿ ಆಡುವ ಕಡೆ ಇಡಿ.

ಬೆಳಗಾವಿಯಿಂದ ನಡೆಸುವ ವಿಷಯ. ಯಾರಾದರೂ ‘ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡು’, ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ಈ ಪುಟಕ್ಕೆ ನೇರ ದಾರಿ ತೆರೆ, ಎಂದರೆ ಒಪ್ಪಬೇಡಿ. ಎಷ್ಟೋ ಮನೆಗಳಲ್ಲಿ ಅದು ಆಗುವುದೂ ಇಲ್ಲ. ನಿಮ್ಮ ರೌಟರಿನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದರ್ಥ. ಹೊರಗಿನಿಂದ ನೇರ ದಾರಿ ಇಲ್ಲ. ದಾರಿ ಇದ್ದರೂ ಬೋರ್ಡಿಗಾಗಲಿ ಪುಟಕ್ಕಾಗಲಿ ತೆರೆಯಬೇಡಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಹೀಗೆ ತೆರೆದಿಟ್ಟ ಕ್ಯಾಮೆರಾ, ರೌಟರ್‌ಗಳನ್ನು ಹುಡುಕಿ, ಕಂಪನಿ ಕೊಟ್ಟ ಮೂಲ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ ಒಳಗೆ ಹೊಕ್ಕಿತು. ಅವನ್ನೆಲ್ಲ ಸೇರಿಸಿಕೊಂಡು ಆ ಅಕ್ಟೋಬರ್‌ನಲ್ಲಿ ತಾಣಗಳ ಹೆಸರಿನಿಂದ ಅವುಗಳ ಐಪಿ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತೆ ಮಾಡಿತು. ಆ ಕ್ಯಾಮೆರಾಗಳ ಮಾಲೀಕರು ನಮ್ಮ ನಿಮ್ಮಂಥ ಮನೆಯವರು. ತಮ್ಮ ಮನೆಯ ಪೆಟ್ಟಿಗೆ ಏನು ಮಾಡುತ್ತಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಸರಿಯಾದ ದಾರಿ ವಿಪಿಎನ್. ಪೈ ಮೇಲೆ ವೈರ್‌ಗಾರ್ಡ್ ಎಂಬ ವಿಪಿಎನ್ ಪ್ರೋಗ್ರಾಂ ಹಾಕಿ. ರೌಟರಿನಲ್ಲಿ ಅದರ ಒಂದು ಪೋರ್ಟ್ ಮಾತ್ರ ತೆರೆಯಬೇಕಾಗುತ್ತದೆ, ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. 2020ರಿಂದ ಅದು ಲಿನಕ್ಸ್‌ನ ಕರ್ನಲ್ (ಪೈ ನಡೆಸುವ ವ್ಯವಸ್ಥೆಯ ತಿರುಳು) ಒಳಗೇ ಬರುತ್ತದೆ. ನಿಮ್ಮ ಫೋನ್ ಬೆಳಗಾವಿಯಲ್ಲಿದ್ದರೂ ಮನೆಯ ವೈಫೈನಲ್ಲೇ ಇದ್ದಂತೆ ಆಗುತ್ತದೆ, ನಡುವಿನ ಮಾತೆಲ್ಲ ಗೂಢಲಿಪಿಯಲ್ಲಿ ಹೋಗುತ್ತದೆ. ಹಂಚಿದ ವಿಳಾಸದ ತೊಂದರೆ ಇದ್ದರೆ ಟೇಲ್‌ಸ್ಕೇಲ್ ಥರದ ಸೇವೆ ಬಳಸಬಹುದು. ಅದೂ ಒಳಗೆ ವೈರ್‌ಗಾರ್ಡನ್ನೇ ಬಳಸುತ್ತದೆ. ನೀವು ಕ್ಲೌಡ್ ಬೇಡ ಅಂದಿದ್ದೀರಿ, ಇದರಲ್ಲಿ ಹೊರಗಿನ ಕಂಪನಿಯ ಪಾಲು ಸ್ವಲ್ಪ ಇದೆ. ಎರಡು ಯಂತ್ರಗಳನ್ನು ಪರಸ್ಪರ ಭೇಟಿ ಮಾಡಿಸುವುದು ಅದರ ಕೆಲಸ, ಒಳಗಿನ ಮಾತು ಅದಕ್ಕೆ ಓದಲು ಬರುವುದಿಲ್ಲ. ನನ್ನ ಪ್ರಕಾರ ಇಷ್ಟು ಒಪ್ಪಬಹುದು. ಆ ಸೇವೆ ನಿಂತರೂ ಬೆಳಗಾವಿಯಿಂದ ನಿಮಗೆ ಕಾಣುವುದಿಲ್ಲ ಅಷ್ಟೇ, ಮನೆಯೊಳಗೆ ಎಲ್ಲ ಮೊದಲಿನಂತೆ ನಡೆಯುತ್ತದೆ.

ಬೆಳಗಾವಿಯಿಂದ ನೋಡುವ ಪುಟದಲ್ಲಿ ‘ಆಫ್’ ಬಟನ್ ಇಡಿ. ‘ಆನ್’ ಬೇಕೇ ಎಂದು ಇನ್ನೊಮ್ಮೆ ಯೋಚಿಸಿ. ಸುಮಾರು 200 ಕಿಲೋಮೀಟರ್ ದೂರದಲ್ಲಿ ಕೂತು ಶುರು ಮಾಡುವಾಗ, ಅಮ್ಮ ಸಂಪಿನ ಮುಚ್ಚಳ ತೆಗೆದು ಬಕೆಟ್ ಇಳಿಸಿರಬಹುದು. ಯಾರೋ ಮೋಟಾರಿನ ವಾಲ್ವ್ ಬಿಚ್ಚಿರಬಹುದು. ನಾನು ನನ್ನ ಮನೆಯಲ್ಲಿ ಹೊರಗಿನಿಂದ ಆನ್ ಮಾಡುವುದನ್ನು ಬಂದ್ ಇಟ್ಟಿದ್ದೇನೆ. ಅಂಗಳದ ಲೈಟಿಗೆ ಈ ಚಿಂತೆ ಇಲ್ಲ. ಎಲ್‌ಇಡಿ ದೀಪಕ್ಕೆ ಡಿ2ರ ರಿಲೇ ನೇರವಾಗಿಯೇ ಸಾಕು, ಎಲ್ಲಿಂದ ಬೇಕಾದರೂ ಹಾಕಿ, ತೆಗೆಯಿರಿ.

ಇನ್ನು ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಅಪ್ಪನ ಕೈ. ಗೋಡೆಯ ಮೇಲೆ ಮೂರು ಸ್ಥಾನದ ಒಂದು ತಿರುಗು ಸ್ವಿಚ್ ಹಾಕಿಸಿ: ಆಟೋ, ಆಫ್, ಕೈ. ‘ಆಟೋ’ದಲ್ಲಿ ಕಾಂಟ್ಯಾಕ್ಟರ್ ಬೋರ್ಡಿನ ಮಾತು ಕೇಳುತ್ತದೆ. ‘ಕೈ’ನಲ್ಲಿ ಬೋರ್ಡ್, ವೈಫೈ, ಪೈ ಯಾವುದೂ ಇಲ್ಲದೆ ಮೋಟಾರು ನೇರವಾಗಿ ಓಡುತ್ತದೆ. ‘ಆಫ್’ನಲ್ಲಿ ಯಾರು ಎಲ್ಲಿಂದ ಒತ್ತಿದರೂ ಓಡುವುದಿಲ್ಲ. ಓವರ್‌ಲೋಡ್ ರಿಲೇಯ ಬಿಂದು ಮಾತ್ರ ಆಟೋ ಮತ್ತು ಕೈ ಎರಡರಲ್ಲೂ ಸರಣಿಯಲ್ಲೇ ಇರಬೇಕು, ಎಲೆಕ್ಟ್ರಿಷಿಯನ್‌ಗೆ ಇದನ್ನು ಬರೆದೇ ಕೊಡಿ. ಎಷ್ಟೋ ಮಕ್ಕಳು ಪ್ರೀತಿಯಿಂದಲೇ ಮನೆಗೆ ಹೊಸ ಯಂತ್ರ ತರುತ್ತಾರೆ, ಹಳೆಯ ಸ್ವಿಚ್ ಕಿತ್ತು ಹಾಕುತ್ತಾರೆ. ಅದು ಕೆಟ್ಟ ದಿನ ಹಿರಿಯರು ತಮ್ಮ ಮನೆಯಲ್ಲೇ ನೀರಿಲ್ಲದೆ ಮಗನ ಫೋನಿಗೆ ಕಾಯುತ್ತಾರೆ. ಹಾಗೆ ಆಗಬಾರದು.

ಪುಟ ಕನ್ನಡದಲ್ಲೇ ಇರಲಿ, ಅಕ್ಷರ ದೊಡ್ಡದಿರಲಿ. ಮೇಲೆ ‘ಟ್ಯಾಂಕ್ ತುಂಬಿದೆ’ ಅಥವಾ ‘ಟ್ಯಾಂಕ್ ತುಂಬಿಲ್ಲ’. ಕೆಳಗೆ ‘ಸಂಪಿನಲ್ಲಿ ನೀರಿದೆ’. ಅದರ ಕೆಳಗೆ ಮೋಟಾರಿಗೆ ಒಂದೇ ಬಟನ್. ಮೋಟಾರು ನಿಂತಿದ್ದರೆ ಅದು ಹಸಿರು ‘ಶುರು ಮಾಡು’, ಓಡುತ್ತಿದ್ದರೆ ಕೆಂಪು ‘ನಿಲ್ಲಿಸು’. ನಿರಾಕರಿಸಿದರೆ ಕಾರಣ ಪೂರ್ತಿ ವಾಕ್ಯದಲ್ಲಿ ಬರಲಿ: ‘ಸಂಪಿನಲ್ಲಿ ನೀರು ಸಾಲದು, ನಳ ಬಂದ ಮೇಲೆ ಶುರು ಮಾಡಿ’. ಚಿತ್ರ, ಗ್ರಾಫ್ ಏನೂ ಬೇಡ. ಇಷ್ಟು ಪುಟ ನಾಲ್ಕೈದು ಕೆಬಿ ದಾಟುವುದಿಲ್ಲ, ಎಂಥ ಹಳೆಯ ಫೋನಿನಲ್ಲೂ ಚಕ್ಕನೆ ತೆರೆಯುತ್ತದೆ.

ಮೋಟಾರಿನ ಭಾಗಕ್ಕೆ ಕೈ ಹಾಕಿದ ಮೊದಲ ವಾರ ಡಿ1ರ ರಿಲೇಗೆ ಕಾಂಟ್ಯಾಕ್ಟರ್ ಬದಲು ಬ್ಯಾಟರಿಯಲ್ಲಿ ಉರಿಯುವ ಒಂದು ಸಣ್ಣ ಬಲ್ಬ್ ಕಟ್ಟಿ, ಅದನ್ನೇ ಮೋಟಾರು ಎಂದುಕೊಂಡು ಕೆಡಿಸಲು ನೋಡಿ. ಬಲ್ಬ್ ಉರಿಯುತ್ತಿರುವಾಗ ರೌಟರ್ ಬಂದ್ ಮಾಡಿ. ಬೋರ್ಡಿನ ಕರೆಂಟ್ ಕಿತ್ತು ಮತ್ತೆ ಹಾಕಿ. ಫ್ಲೋಟನ್ನು ಕೈಯಲ್ಲಿ ಎತ್ತಿ ಇಳಿಸಿ. ಎರಡು ಫೋನಿನಿಂದ ಒಟ್ಟಿಗೆ ಒತ್ತಿ. ಮಿತಿಯನ್ನು 2 ನಿಮಿಷಕ್ಕೆ ಇಟ್ಟು, ಗಡಿಯಾರ ಹಿಡಿದು ಕೂತು ನೋಡಿ. ಪ್ರತಿ ಸಲವೂ ಬಲ್ಬ್ ಆರಬೇಕಾದಾಗ ಆರಿದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಕಾಂಟ್ಯಾಕ್ಟರ್ ಕಟ್ಟುವ ದಿನ ನೀವು ವಿಜಯಪುರದಲ್ಲಿರಿ. ಮೊದಲ ಸಲ ‘ಶುರು ಮಾಡು’ ಬಟನ್ ಅಪ್ಪನ ಕೈಯಲ್ಲೇ ಒತ್ತಿಸಿ. ಟ್ಯಾಂಕ್ ತುಂಬಿ ಮೋಟಾರು ತಾನಾಗಿ ನಿಲ್ಲುವವರೆಗೆ ಇಬ್ಬರೂ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿರಿ.